ಕಾಡು, ನೆರೆ, ಸೈನಿಕ: ಒಬ್ಬ ವ್ಯಕ್ತಿ ಏನು ಮಾಡಬಹುದು?

(ಮಲೆನಾಡಿನ ಹಳ್ಳಿಯೊಂದರಲ್ಲಿ ನಡೆದ ಪರಿಸರ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಶಿಬಿರದ ಸಂಘಟಕರು ನನಗೆ ಕೊಟ್ಟಿರುವ ವಿಷಯ ಒಂದು ಪ್ರಶ್ನೆಯ ರೂಪದಲ್ಲಿದೆ. ನೆರೆ ಬಂದಾಗ ಸಂತ್ರಸ್ತರಿಗೆ ನೆರವಾಗಬೇಕೆನ್ನಿಸುತ್ತದೆ. ಕಾಡಿಗೆ ಕೊಡಲಿ ಬಿದ್ದಾಗ ತಡೆಯಬೇಕೆನ್ನಿಸುತ್ತದೆ. ಗಡಿಯಲ್ಲಿ ಯೋಧನೊಬ್ಬ ಮಡಿದ ಸುದ್ದಿ ಬಂದಾಗ ಅವನ ಮನೆಯವರ ಬೆನ್ನಿಗೆ ನಿಲ್ಲಬೇಕೆನ್ನಿಸುತ್ತದೆ. ಆದರೆ ಸಂಘದ ಬಲವಿಲ್ಲದ, ಅಧಿಕಾರವಿಲ್ಲದ, ಕೈಯಲ್ಲಿ ಹೆಚ್ಚಿನ ಕಾಸೂ ಇಲ್ಲದ ಒಬ್ಬ ವ್ಯಕ್ತಿ ಏನು ಮಾಡಲು ಸಾಧ್ಯ? ಇದು ಇಲ್ಲಿಯ ವಿದ್ಯಾರ್ಥಿಗಳು ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಯಂತೆ. ಒಳ್ಳೆಯ ಪ್ರಶ್ನೆ.

ನಮ್ಮ ಭಾಗದಲ್ಲಿ ಈ ಮೂರು ಕೆಲಸಗಳನ್ನು ನಾವು ಮೂರು ಬೇರೆ ಬೇರೆ ಗುಂಪುಗಳಿಗೆ ಹಂಚಿಬಿಟ್ಟಿದ್ದೇವೆ. ನೆರೆ ಪರಿಹಾರವೆಂದರೆ ಯುವಕ ಸಂಘದವರು ಲಾರಿ ಕಟ್ಟಿಕೊಂಡು ಹೊರಡುವುದು. ಸೈನಿಕರೆಂದರೆ ಡಿಸೆಂಬರ್ 7ರಂದು ಶಾಲೆಯಲ್ಲಿ ಎದೆಗೆ ಚಿಕ್ಕ ಧ್ವಜ ಚುಚ್ಚಿಕೊಂಡು ನಾಣ್ಯ ಹಾಕುವುದು. ಕಾಡಿನ ವಿಷಯ ಬಂದರೆ ಅದು ‘ಪರಿಸರದವರ’ ತಲೆನೋವು. ಈ ‘ಪರಿಸರದವರು’ ಎಂಬ ಮಾತಿನಲ್ಲಿ ಈಚೆಗೆ ಒಂದು ಚುಚ್ಚು ಸೇರಿಕೊಂಡಿದೆ. ರಸ್ತೆಗೆ ಅಡ್ಡ ಬರುವವರು, ದೇಶದ ಭದ್ರತೆಗೂ ಅಡ್ಡ ಬರುವವರು ಎಂಬ ಧ್ವನಿ ಅದರಲ್ಲಿದೆ. ಬೆಟ್ಟದ ಮೇಲೆ ಬದುಕುವವರಿಗೆ ಈ ವಿಂಗಡಣೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ನೋಡಲು ನಾನು ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕಾಗಿದೆ. ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಗೆ. ಅಲಕನಂದಾ ನದಿಯ ಕಣಿವೆ ಅದು. ಬದರಿನಾಥ ಇರುವುದು ಅಲ್ಲಿ. ಅದರಾಚೆ ಟಿಬೆಟ್ಟಿನ ಗಡಿ. ಅಲ್ಲಿಯ ಹಳ್ಳಿಗಳಿಂದ ಸೈನ್ಯಕ್ಕೆ ಸೇರುವುದು ತಲೆಮಾರುಗಳ ರೂಢಿ. ಗಢವಾಲ್ ರೈಫಲ್ಸ್ ಎಂಬ ಹೆಸರನ್ನು ನೀವು ಕೇಳಿರುತ್ತೀರಿ.

1962ರಲ್ಲಿ ಚೀನಾದೊಡನೆ ಯುದ್ಧವಾಯಿತು. ಆ ನಂತರ ಗಡಿಯತ್ತ ಭರದಿಂದ ರಸ್ತೆಗಳು ನಿರ್ಮಾಣವಾದವು. ಸೇನೆಗೆಂದು ಹಳ್ಳಿಗರ ಜಮೀನನ್ನೂ ತೆಗೆದುಕೊಂಡರು. ರಸ್ತೆ ಬಂದ ಮೇಲೆ ಅದರ ಮೇಲೆ ಸೈನ್ಯದ ಲಾರಿಯಷ್ಟೇ ಓಡುವುದಿಲ್ಲ. ಮರದ ಗುತ್ತಿಗೆದಾರನ ಲಾರಿಯೂ ಓಡುತ್ತದೆ. ಅದುವರೆಗೆ ಕೈಗೆ ನಿಲುಕದಿದ್ದ ಕಾಡುಗಳು ಕೆಲವೇ ವರ್ಷಗಳಲ್ಲಿ ಹರಾಜಿಗೆ ಬಂದವು.

ಅಲ್ಲಿಯ ಗೋಪೇಶ್ವರ ಎಂಬ ಊರಿನಲ್ಲಿ ಚಂಡೀಪ್ರಸಾದ ಭಟ್ಟ ಎಂಬುವರಿದ್ದರು. ಮೊದಲಿಗೆ ಅವರು ಒಂದು ಬಸ್ ಸಂಸ್ಥೆಯಲ್ಲಿ ಟಿಕೇಟು ಕೊಡುವ ಗುಮಾಸ್ತರು. 1956ರಲ್ಲಿ ಜಯಪ್ರಕಾಶ ನಾರಾಯಣರ ಭಾಷಣ ಕೇಳಿ ಸರ್ವೋದಯದ ಕಡೆ ಒಲಿದರು, ಮುಂದೆ ಕೆಲಸ ಬಿಟ್ಟರು. 1964ರಲ್ಲಿ ಕೆಲವು ಗೆಳೆಯರೊಡನೆ ದಶೋಲಿ ಗ್ರಾಮ ಸ್ವರಾಜ್ಯ ಸಂಘ ಕಟ್ಟಿದರು. ಸಂಘದ ಉದ್ದೇಶ ಕಾಡು ಉಳಿಸುವುದಾಗಿರಲಿಲ್ಲ. ಹಳ್ಳಿಯ ಹುಡುಗರಿಗೆ ಊರಿನಲ್ಲೇ ಉದ್ಯೋಗ ಸಿಗಲಿ, ಚಿಕ್ಕಪುಟ್ಟ ಕಾರ್ಖಾನೆ ನಡೆಯಲಿ ಎಂಬುದಷ್ಟೇ ಅವರ ಅಪೇಕ್ಷೆ.

1970ರ ಜುಲೈ ತಿಂಗಳಲ್ಲಿ ಅಲಕನಂದಾಕ್ಕೆ ಮಹಾಪೂರ ಬಂದಿತು. ಸೇತುವೆಗಳು, ಬಸ್ಸುಗಳು, ಮನೆಗಳು ಕೊಚ್ಚಿಹೋದವು. ಬೆಟ್ಟದ ಮಣ್ಣು ಎಷ್ಟು ದೂರ ಇಳಿಯಿತೆಂದರೆ ಕೆಳಗೆ ಬಯಲಿನಲ್ಲಿ ಹರಿದ್ವಾರದ ಗಂಗಾ ಕಾಲುವೆಯೇ ಹೂಳಿನಿಂದ ಕಟ್ಟಿಹೋಯಿತು. ಸಂಘದ ಕಾರ್ಯಕರ್ತರು ಅಕ್ಕಿ, ಬಟ್ಟೆ, ಔಷಧಿ ಹೊತ್ತುಕೊಂಡು ಹಳ್ಳಿ ಹಳ್ಳಿಗೆ ನಡೆದರು. ಇಲ್ಲಿಯವರೆಗಿನದು ಎಲ್ಲ ಪರಿಹಾರ ಕಾರ್ಯಗಳಂತೆಯೇ. ಆದರೆ ನಡೆಯುವಾಗ ಅವರು ಕಣ್ಣು ತೆರೆದುಕೊಂಡಿದ್ದರು. ಮೇಲಿನ ಇಳಿಜಾರಿನಲ್ಲಿ ಎಲ್ಲಿ ಮರ ಕಡಿದಿದ್ದರೋ ಅಲ್ಲಿ ಕೆಳಗಿನ ಊರಿಗೆ ಆದ ಹಾನಿ ಹೆಚ್ಚು ಎಂಬುದನ್ನು ಗುರುತಿಸಿದರು, ಬರೆದಿಟ್ಟುಕೊಂಡರು, ಸರ್ಕಾರಕ್ಕೂ ತಿಳಿಸಿದರು. ನೆರೆ ಸಂತ್ರಸ್ತರಿಗೆ ಅಕ್ಕಿ ಹಂಚಲು ಹೋದವರು ಹೀಗೆ ಕಾಡಿನ ಪ್ರಶ್ನೆಗೆ ಬಂದು ತಲುಪಿದರು. ಚಿಪ್ಕೊ ಚಳವಳಿಯ ಕಥೆಯನ್ನು ಮರ ಅಪ್ಪಿಕೊಳ್ಳುವುದರಿಂದ ಶುರುಮಾಡಿ ಹೇಳುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅದರ ಮೊದಲ ಅಧ್ಯಾಯ ಆ ಅಕ್ಕಿಮೂಟೆ.

1973ರ ಘಟನೆ ನಿಮಗೆ ಗೊತ್ತಿರಬಹುದು. ಹಳ್ಳಿಗರು ನೊಗಕ್ಕೆ ಬೇಕಾದ ಅಂಗು ಮರ ಕೇಳಿದಾಗ ಅರಣ್ಯ ಇಲಾಖೆ ಇಲ್ಲವೆಂದಿತು. ಅದೇ ಮರಗಳನ್ನು ಅಲಹಾಬಾದಿನ ಕ್ರೀಡಾಸಾಮಗ್ರಿ ತಯಾರಕರಿಗೆ ಕೊಟ್ಟಿತು. ಮಂಡಲ್ ಎಂಬ ಹಳ್ಳಿಯಲ್ಲಿ ಜನ ಕಾಡಿಗೆ ನುಗ್ಗಿ ನಿಂತರು, ಕಡಿಯಲು ಬಂದವರು ಬರಿಗೈಯಲ್ಲಿ ಹಿಂದಿರುಗಿದರು. ಇದನ್ನು ಬೇಗ ದಾಟಿ ನಾನು 1974ರ ಮಾರ್ಚ್ 26ಕ್ಕೆ ಬರುತ್ತೇನೆ. ಸ್ಥಳ ಋಷಿಗಂಗಾ ನದಿಯ ದಂಡೆಯ ರೇಣಿ ಗ್ರಾಮ. ಸುಮಾರು 2,500 ಮರಗಳ ಹರಾಜು ಮುಗಿದಿತ್ತು. ಊರಿನವರು ವಿರೋಧಿಸುತ್ತಾರೆಂಬುದು ಅಧಿಕಾರಿಗಳಿಗೆ ಗೊತ್ತಿತ್ತು. ಆ ದಿನ ಊರಿನ ಗಂಡಸರೆಲ್ಲ ಚಮೋಲಿ ಪಟ್ಟಣಕ್ಕೆ ಹೋಗುವಂತಾಯಿತು. ಏಕೆ ಗೊತ್ತೇ? 1962ರ ಯುದ್ಧದ ನಂತರ ಸೇನೆಗಾಗಿ ತೆಗೆದುಕೊಂಡ ಜಮೀನಿನ ಪರಿಹಾರಧನ ಆ ದಿನ ಕೊಡುತ್ತೇವೆಂದು ಕರೆ ಬಂದಿತ್ತು. ವರ್ಷಗಟ್ಟಲೆ ಬಾಕಿ ಇದ್ದ ಹಣ ಅದು. ಬಡವರು ಹೋಗದೆ ಇರುತ್ತಾರೆಯೇ? ಇತ್ತ ಕೂಲಿಗಳನ್ನು ತುಂಬಿಕೊಂಡ ವಾಹನ ರೇಣಿಯ ಕಡೆ ಹೊರಟಿತು.

ಈ ವಿವರವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೇಶದ ರಕ್ಷಣೆಗೆ ಜಮೀನು ಕೊಟ್ಟ ಜನ ಅವರು. ಅವರ ಮಕ್ಕಳು ಸೈನ್ಯದಲ್ಲಿದ್ದರು. ಅವರಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಪರಿಹಾರವನ್ನೇ ಅವರ ಕಾಡನ್ನು ಕಡಿಯಲು ಗಾಳವಾಗಿ ಬಳಸಲಾಯಿತು. ಸೈನಿಕನ ಮನೆ, ನೆರೆಯ ಭಯ, ಕಾಡಿನ ಹರಾಜು ಮೂರೂ ಒಂದೇ ದಿನ, ಒಂದೇ ಊರಿನ ಅಂಗಳದಲ್ಲಿ ಬಂದು ನಿಂತವು.

ಕೂಲಿಗಳು ಬಂದದ್ದನ್ನು ನೋಡಿದ ಹುಡುಗಿಯೊಬ್ಬಳು ಓಡಿಬಂದು ಗೌರಾದೇವಿಗೆ ಸುದ್ದಿ ಮುಟ್ಟಿಸಿದಳು. ಗೌರಾದೇವಿ ಓದು ಬರಹ ಕಲಿತವರಲ್ಲ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು, ಊರಿನ ಮಹಿಳಾ ಮಂಗಲ ದಳದ ಮುಖ್ಯಸ್ಥೆ. ಗಂಡಸರು ಬರಲಿ ಎಂದು ಅವರು ಕಾಯಲಿಲ್ಲ. 27 ಮಂದಿ ಹೆಂಗಸರು, ಹುಡುಗಿಯರು ಕಾಡಿನ ದಾರಿ ಹಿಡಿದರು. ಕೂಲಿಗಳು ಅಡುಗೆಗೆ ಇಟ್ಟಿದ್ದರು. ಅವರನ್ನು ಗೌರಾದೇವಿ ಅಣ್ಣಂದಿರೆಂದೇ ಕರೆದರು, ಈ ಕಾಡು ನಮ್ಮ ತವರುಮನೆ ಎಂದರು, ಊಟ ಮುಗಿಸಿ ಕೆಳಗೆ ಬನ್ನಿ, ಗಂಡಸರು ಬಂದ ಮೇಲೆ ಮಾತಾಡೋಣ ಎಂದರು. ಬಂದೂಕು ತೋರಿಸಿ ಹೆದರಿಸಿದವನೊಬ್ಬನಿದ್ದ. ಅವರು ಕದಲಲಿಲ್ಲ. ರಾತ್ರಿಯಿಡೀ ದಾರಿ ಕಾದರು. ಮರಗಳು ಉಳಿದವು. ಮುಂದೆ ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಆ ಸಮಿತಿಯ ವರದಿಯ ಮೇಲೆ ಅಲಕನಂದಾದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಹತ್ತು ವರ್ಷ ಮರ ಕಡಿಯುವುದು ನಿಂತಿತು.

ಆ ಬೆಟ್ಟದ ಮಾತು ನಮ್ಮ ಬೆಟ್ಟಕ್ಕೂ ಬಂದಿತು. ಸುಂದರಲಾಲ ಬಹುಗುಣರು ಮಲೆನಾಡಿನಲ್ಲಿ ಓಡಾಡಿ ಜನರೊಡನೆ ಮಾತನಾಡಿದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಕಾಡಿನಲ್ಲಿ ನಮ್ಮ ಜನ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೊ ಎಂಬ ಹೆಸರು ಅಂದಿನಿಂದ ಬಂದದ್ದು. ಈ ಸಭೆಯಲ್ಲಿ ಕುಳಿತಿರುವ ಹಿರಿಯರಿಗೆ ಅದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಕಥೆ 1974ರಲ್ಲೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಅದು ಮುಂದುವರಿದಿದೆ. 2021ರ ಫೆಬ್ರವರಿ 7ರಂದು ಅದೇ ಋಷಿಗಂಗಾ ಕಣಿವೆಯ ಮೇಲ್ಭಾಗದಲ್ಲಿ ಬಂಡೆ ಮತ್ತು ಹಿಮದ ಬೃಹತ್ ಭಾಗವೊಂದು ಕಳಚಿ ಬಿದ್ದಿತು. ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೆ ಕಾಣೆಯಾದರು. ಬಹಳಷ್ಟು ಜನ ಜಲವಿದ್ಯುತ್ ಯೋಜನೆಗಳಲ್ಲಿ ದುಡಿಯುತ್ತಿದ್ದ ಕೂಲಿಕಾರರು. ತಪೋವನದ ಸುರಂಗದಲ್ಲಿ ಸಿಕ್ಕಿಕೊಂಡವರನ್ನು ಹುಡುಕಲು ಸೇನೆ, ಐಟಿಬಿಪಿ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಕೆಸರಿನಲ್ಲಿ ಹಗಲಿರುಳು ದುಡಿದರು. ರೇಣಿಯ ಬಳಿ ಗಡಿಗೆ ಹೋಗುವ ಸೇತುವೆ ಕೊಚ್ಚಿಹೋಗಿತ್ತು. ಗಡಿ ರಸ್ತೆ ಸಂಸ್ಥೆಯವರು ಒಂದು ತಿಂಗಳೊಳಗೆ ಬೇರೆ ಸೇತುವೆ ಕಟ್ಟಿದರು. ಅದೇ ವರ್ಷದ ಮಳೆಗಾಲದ ಹೊತ್ತಿಗೆ ರೇಣಿಯ ಕೆಳಗಿನ ಇಳಿಜಾರು ಕುಸಿಯತೊಡಗಿತು. ರಸ್ತೆ ಹೋಯಿತು. ಹೊಸ ದಾರಿ ಮಾಡಬೇಕಾದಾಗ ಊರಿನಲ್ಲಿದ್ದ ಗೌರಾದೇವಿಯ ಪ್ರತಿಮೆಯನ್ನು ಅಲ್ಲಿಂದ ಎತ್ತಿ ಜೋಶಿಮಠಕ್ಕೆ ಸಾಗಿಸಿದರು. 2023ರ ಜನವರಿಯಲ್ಲಿ ಆ ಜೋಶಿಮಠದ ಮನೆಗಳೇ ಬಿರುಕುಬಿಟ್ಟು ಜನರನ್ನು ಸ್ಥಳಾಂತರಿಸಬೇಕಾಯಿತು.

ಇನ್ನೊಂದು ಪ್ರಸಂಗ. ರೇಣಿ ಮತ್ತು ಜೋಶಿಮಠದ ಐವರು ಜಲವಿದ್ಯುತ್ ಯೋಜನೆಗಳ ವಿರುದ್ಧ ಉತ್ತರಾಖಂಡದ ಉಚ್ಚ ನ್ಯಾಯಾಲಯಕ್ಕೆ ಹೋದರು. 2021ರ ಜುಲೈನಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಇವರು ಸಾಮಾಜಿಕ ಕಾರ್ಯಕರ್ತರೆಂದು ಹೇಳಿಕೊಂಡಿದ್ದಾರೆ, ಅದಕ್ಕೆ ಆಧಾರವೇನೂ ಒದಗಿಸಿಲ್ಲ ಎಂದಿತು, ತಲಾ 10,000 ರೂಪಾಯಿ ದಂಡ ವಿಧಿಸಿತು. ನ್ಯಾಯಾಲಯದ ತೀರ್ಪನ್ನು ನಾವು ಗೌರವಿಸೋಣ. ಆದರೆ ತನ್ನ ಮನೆಯ ಮುಂದೆ ಹರಿಯುವ ನದಿಯ ಬಗ್ಗೆ ಕಾಳಜಿ ಇದೆ ಎಂಬುದಕ್ಕೆ ಹಳ್ಳಿಯವನು ಯಾವ ದಾಖಲೆ ತೋರಿಸಬೇಕು? ನೀವೆಲ್ಲ ವಿದ್ಯಾವಂತರು, ಯೋಚಿಸಿ. ನನಗೆ ತೋಚುವ ಉತ್ತರ ಒಂದೇ: ವರ್ಷಗಳಿಂದ ಬರೆದಿಟ್ಟ ಟಿಪ್ಪಣಿ, ಗ್ರಾಮಸಭೆಯ ಠರಾವು, ಇಲಾಖೆಗೆ ಕೊಟ್ಟ ಅರ್ಜಿಗಳ ಸ್ವೀಕೃತಿ ಪ್ರತಿ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಸೈನ್ಯದ ಅಗತ್ಯವೂ ಬೆಟ್ಟದ ಅಗತ್ಯವೂ ಎದುರು ಬದುರಾದರೆ? ಚಾರ್‌ಧಾಮ್ ರಸ್ತೆ ಯೋಜನೆ 2016ರಲ್ಲಿ ಆರಂಭವಾದದ್ದು, ಸುಮಾರು 900 ಕಿಲೋಮೀಟರಿನ ವಿಸ್ತರಣೆ. ಎಷ್ಟು ಅಗಲ ಇರಬೇಕೆಂಬುದೇ ವಿವಾದ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯ ಪ್ರಕಾರ ಬೆಟ್ಟದ ರಸ್ತೆಗೆ 5.5 ಮೀಟರ್ ಸಾಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಸೆಪ್ಟೆಂಬರಿನಲ್ಲಿ ಹೇಳಿತು. ರಕ್ಷಣಾ ಸಚಿವಾಲಯ ಹತ್ತು ಮೀಟರ್ ಬೇಕೆಂದು ಕೇಳಿತು. ಭಾರೀ ವಾಹನಗಳು, ಕ್ಷಿಪಣಿ ಸಾಗಿಸುವ ಲಾರಿಗಳು ಗಡಿಗೆ ಹೋಗಬೇಕು ಎಂಬುದು ವಾದ. 2021ರ ಡಿಸೆಂಬರ್ 14ರಂದು ನ್ಯಾಯಾಲಯ ಈ ಅಗತ್ಯವನ್ನು ಒಪ್ಪಿ ಅಗಲೀಕರಣಕ್ಕೆ ಅವಕಾಶ ಕೊಟ್ಟಿತು, ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯನ್ನೂ ನೇಮಿಸಿತು. ಮೊದಲಿನ ತಜ್ಞ ಸಮಿತಿಯ ಅಧ್ಯಕ್ಷರಾಗಿದ್ದ ರವಿ ಚೋಪ್ರಾ 2022ರ ಆರಂಭದಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅನಂತರ 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿ ಬಂದು, ಅಂತರರಾಷ್ಟ್ರೀಯ ಗಡಿಯಿಂದ 100 ಕಿಲೋಮೀಟರಿನೊಳಗಿನ, ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ರಸ್ತೆಯಂಥ ಯೋಜನೆಗಳನ್ನು ಕಾಯಿದೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಸೇನೆಗೆ ರಸ್ತೆ ಬೇಡವೆಂದು ಹೇಳುವ ಧೈರ್ಯ ನನಗಿಲ್ಲ, ಹೇಳಲೂಬಾರದು. ಗಡಿಯಲ್ಲಿ ನಿಂತವನಿಗೆ ಸಕಾಲದಲ್ಲಿ ಅನ್ನ, ಮದ್ದು, ಮದ್ದುಗುಂಡು ತಲುಪಬೇಕು. ಆದರೆ ಅವನಿಗೆ ಬೇಕಾಗಿರುವುದು ಮಳೆಗಾಲದಲ್ಲೂ ತೆರೆದಿರುವ ರಸ್ತೆ. ಬುಡ ಕಡಿದ ಧರೆ ವರ್ಷಕ್ಕೆ ನಾಲ್ಕು ಸಲ ಕುಸಿದು ವಾರಗಟ್ಟಲೆ ದಾರಿ ಮುಚ್ಚಿದರೆ ಹತ್ತು ಮೀಟರ್ ಅಗಲದಿಂದ ಯೋಧನಿಗೆ ಏನು ಬಂದಹಾಗಾಯಿತು? ಈ ಪ್ರಶ್ನೆ ಕೇಳುವವನು ಸೈನ್ಯದ ವಿರೋಧಿಯಲ್ಲ. ಭಾರತೀಯ ಸೇನೆಯೇ ಈ ಸಂಬಂಧವನ್ನು ಬಹಳ ಹಿಂದೆ ಕಂಡುಕೊಂಡಿದೆ. ಸುಣ್ಣದಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿಯ ಬೆಟ್ಟಗಳಿಗೆ ಹಸಿರು ಮರಳಿಸಲು 1982ರ ಡಿಸೆಂಬರಿನಲ್ಲಿ ಪ್ರಾದೇಶಿಕ ಸೇನೆಯ 127ನೆಯ ಪರಿಸರ ಬೆಟಾಲಿಯನ್ ಸ್ಥಾಪನೆಯಾಯಿತು. ಅದರಲ್ಲಿದ್ದವರು ಆ ಬೆಟ್ಟಗಳದೇ ಮಾಜಿ ಸೈನಿಕರು. ಬಂದೂಕು ಹಿಡಿದ ಕೈಗಳು ಗುಂಡಿ ತೋಡಿದವು, ಕಲ್ಲಿನ ಒಡ್ಡು ಕಟ್ಟಿದವು, ಸಸಿ ನೆಟ್ಟು ದನಗಳಿಂದ ಕಾದವು. ಅದೇ ಕಣಿವೆಯ ನಾಗರಿಕರು ಹಾಕಿದ ದಾವೆಯ ಮೇಲೆ 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಲವು ಗಣಿಗಳನ್ನು ಮುಚ್ಚಿಸಿತು. ನ್ಯಾಯಾಲಯಕ್ಕೆ ಹೋದವರು, ಸಸಿ ನೆಟ್ಟ ಸೈನಿಕರು ಇಬ್ಬರೂ ಇಲ್ಲದಿದ್ದರೆ ಆ ಬೆಟ್ಟ ಹಸಿರಾಗುತ್ತಿರಲಿಲ್ಲ.

ಚಮೋಲಿ ದೂರವೆನ್ನುವವರಿಗೆ ನಮ್ಮ ಉತ್ತರ ಕನ್ನಡವನ್ನೇ ತೋರಿಸಬಹುದು. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮೀನುಗಾರಿಕೆಯ ದಡ ಬಿಟ್ಟು ಎದ್ದರು. ನ್ಯಾಯವಾದ ಪರಿಹಾರಕ್ಕಾಗಿ ಅವರು ದಶಕಗಳ ಕಾಲ ಕೋರ್ಟಿಗೆ ಅಲೆದರು. ನೌಕಾಪಡೆಗೆ ಬೆಂಬಲ ಎಂದು ಘೋಷಣೆ ಕೂಗುವವರು ಆ ನಿರಾಶ್ರಿತರ ಕೇರಿಗೆ ಎಷ್ಟು ಸಲ ಹೋಗಿದ್ದಾರೆ? ದೇಶದ ರಕ್ಷಣೆಗೆ ನೆಲ ಕೊಟ್ಟವರ ಋಣ ತೀರಿಸುವುದೂ ರಕ್ಷಣಾ ಕಾರ್ಯಕ್ಕೆ ಕೊಡುವ ಬೆಂಬಲವೇ ಎಂದು ನಾನು ಭಾವಿಸುತ್ತೇನೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಿತು. ಸೇನೆ ಬಂದಿತು, ನೌಕಾಪಡೆಯ ಮುಳುಗುಗಾರರು ಬಂದರು. ಹೊಳೆಯ ತಳದಿಂದ ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ಆಯಿತು. ವಾರಗಟ್ಟಲೆ ದೂರದರ್ಶನ ವಾಹಿನಿಗಳು ಆ ಲಾರಿಯನ್ನೇ ತೋರಿಸಿದವು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಒಬ್ಬ ಚಾಲಕನ ಜೀವವೂ ಜೀವವೇ. ಆದರೆ ನದಿಯ ಆಚೆ ದಡದಲ್ಲಿ ಉಳುವರೆ ಎಂಬ ಹಳ್ಳಿಯಿದೆ. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆ ಊರಿನ ಮನೆಗಳನ್ನು ಕೆಡವಿತು, ಅಲ್ಲಿಯೂ ಸಾವಾಯಿತು. ಆ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಅದೇ ತಿಂಗಳ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಜೀವ ಹೋಯಿತು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಒಂದು ರಾತ್ರಿ, ಒಂದು ಹಗಲಿನಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿ ಆಚೆಯವರನ್ನು ತಲುಪಿದರು. ಮಾನವೀಯ ಕಾರ್ಯ ಎಲ್ಲಿ ಮುಗಿಯಿತು, ಸೈನಿಕ ಕಾರ್ಯ ಎಲ್ಲಿ ಶುರುವಾಯಿತು ಎಂದು ಆ ಸೇತುವೆಯ ಮೇಲೆ ಗೆರೆ ಎಳೆಯಲು ಬರುವುದಿಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನೆಯಿರಿ. ಕೊರಿಯಾ ಯುದ್ಧದ ನಂತರ 1953-54ರಲ್ಲಿ ಯುದ್ಧಕೈದಿಗಳ ಹಿಂದಿರುಗುವಿಕೆಯ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು, ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ 1965ರಲ್ಲಿ ತೀರಿಕೊಂಡರು.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲು ಹಣದ ಮಾತು. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ 1948ರ ಜನವರಿಯಲ್ಲಿ ಶುರುವಾದದ್ದು ದೇಶ ವಿಭಜನೆಯ ನಿರಾಶ್ರಿತರಿಗಾಗಿ. ರಾಷ್ಟ್ರೀಯ ರಕ್ಷಣಾ ನಿಧಿ 1962ರದು. ಅದರ ಹಣ ಯೋಧರ ಮತ್ತು ಅವರ ಅವಲಂಬಿತರ ಕ್ಷೇಮಕ್ಕೆ. ಧ್ವಜ ದಿನ 1949ರಿಂದ ನಡೆದುಬಂದಿದೆ, ಅದರ ನಿಧಿ ಯುದ್ಧವಿಧವೆಯರು, ಅಂಗವಿಕಲರಾದ ಯೋಧರು, ಮಾಜಿ ಸೈನಿಕರ ಮಕ್ಕಳ ಓದು ಇಂಥವಕ್ಕೆ. ಕೊಡಿ, ಸಂತೋಷವಾಗಿ ಕೊಡಿ. ಕೊಟ್ಟ ಮೇಲೆ ಲೆಕ್ಕ ಕೇಳಿ. ದಾನ ಕೊಟ್ಟು ಲೆಕ್ಕ ಕೇಳುವುದು ಸಣ್ಣತನವೆಂಬ ಭಾವನೆ ನಮ್ಮಲ್ಲಿದೆ. ದೇವಸ್ಥಾನದ ಜಾತ್ರೆಯ ಲೆಕ್ಕವನ್ನು ಊರಿನ ಮುಂದೆ ಓದುವುದಿಲ್ಲವೆ? 2020ರಲ್ಲಿ ಆರಂಭವಾದ ಪಿಎಂ ಕೇರ್ಸ್ ನಿಧಿ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಪ್ರಧಾನಮಂತ್ರಿ ಕಾರ್ಯಾಲಯ 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ತಿಳಿಸಿತು. ನನಗೆ ಇದು ಸರಿಯೆನ್ನಿಸಿಲ್ಲ. ಊರಿನ ಯುವಕ ಸಂಘದ ಹುಂಡಿಗೂ ದೆಹಲಿಯ ನಿಧಿಗೂ ನಿಯಮ ಒಂದೇ ಇರಬೇಕು. ಇನ್ನು ಮೊಬೈಲಿನಲ್ಲಿ ಹರಿದಾಡುವ ‘ಹುತಾತ್ಮ ಯೋಧನ ಕುಟುಂಬಕ್ಕೆ ನೆರವಾಗಿ’ ಎಂಬ ಖಾತೆ ಸಂಖ್ಯೆಗಳಿಗೆ, ವಿಚಾರಿಸದೆ ಒಂದು ಪೈಸೆಯನ್ನೂ ಕಳಿಸಬೇಡಿ.

ವಸ್ತುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಬದಿಯಲ್ಲಿ ಹಳೆಯ ಬಟ್ಟೆಗಳ ರಾಶಿ ಬಿದ್ದಿತ್ತು. ಉಡಲು ಬಾರದ್ದು, ಆ ಊರಿನವರು ಉಡದೇ ಇರುವಂಥದ್ದು. ಗೂಂಜ್ ಸಂಸ್ಥೆಯವರು ಅದನ್ನು ಆಯ್ದು ಬೇರೆ ಉಪಯೋಗಕ್ಕೆ ತಂದರು. ಅಟ್ಟ ಖಾಲಿ ಮಾಡುವುದಕ್ಕೆ ನೆರೆಯ ಹೆಸರು ಹೇಳಬಾರದು. ಮೊದಲು ಅಲ್ಲಿಯವರನ್ನು ಕೇಳಿ. ಮೊದಲ ವಾರ ಎಲ್ಲರೂ ಅನ್ನ ಕಳಿಸುತ್ತಾರೆ. ಮೂರನೆಯ ತಿಂಗಳು ಮಕ್ಕಳ ಪುಸ್ತಕ, ದನಕ್ಕೆ ಹುಲ್ಲು, ಕಳೆದುಹೋದ ಪಹಣಿ, ಪಡಿತರ ಚೀಟಿಗೆ ಅರ್ಜಿ ಬರೆದುಕೊಡುವವರು ಬೇಕಾಗುತ್ತಾರೆ. ಆಗ ಹೋಗುವವರು ಯಾರೂ ಇರುವುದಿಲ್ಲ.

ಯೋಧರ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ನಾನೊಂದು ಚಿಕ್ಕ ಕೆಲಸ ಹೇಳುತ್ತೇನೆ. ಈಗ ರಕ್ಷಣಾ ಪಿಂಚಣಿ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಯ ಮೂಲಕ ಬರುತ್ತದೆ. ಪ್ರತಿ ವರ್ಷ ತಾನು ಬದುಕಿದ್ದೇನೆಂದು ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ನಮ್ಮ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಎಂಬತ್ತು ದಾಟಿದ ಮಾಜಿ ಯೋಧರು, ಅಕ್ಷರ ಬಾರದ ಅವರ ಪತ್ನಿಯರು ಹೇಗೆ ಸಲ್ಲಿಸಬೇಕು? ಒಂದು ಕಡೆ ಹೆಸರು ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಇದ್ದರೆ ಕುಟುಂಬ ಪಿಂಚಣಿಯೇ ನಿಂತುಹೋಗುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಇಂಥವರು ಎಷ್ಟು ಮನೆಗಳಲ್ಲಿದ್ದಾರೆಂದು ಪಟ್ಟಿಮಾಡಿ. ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನ ಅವರ ಜೊತೆ ಕುಳಿತುಕೊಳ್ಳಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಅವರ ಪರವಾಗಿ ಒಂದು ಅರ್ಜಿ ಬರೆದುಕೊಡಿ. ಯಾವ ಮೆರವಣಿಗೆಗೂ ಇದು ಕಡಿಮೆಯಾದ ಕೆಲಸವಲ್ಲ. ಅವರಿಂದ ನೀವು ಪಡೆಯಬೇಕಾದ್ದೂ ಇದೆ. ಹಗ್ಗ ಬಿಗಿಯುವುದು, ಗಾಯಾಳುವನ್ನು ಹೊರುವುದು, ಹೊಳೆ ದಾಟಿಸುವುದು, ಗಲಿಬಿಲಿಯಲ್ಲಿ ಒಬ್ಬರ ಮಾತನ್ನು ಎಲ್ಲರೂ ಕೇಳುವಂತೆ ಮಾಡುವುದು ಅವರಿಗೆ ಗೊತ್ತು. ಗುಡ್ಡ ಕುಸಿದಾಗ ಸೇನೆ ಬರಲು ಒಂದು ದಿನವಾದರೂ ಬೇಕು. ಆ ಮೊದಲ ದಿನ ಊರಿನಲ್ಲಿರುವವರು ಅವರೇ.

ಕಾಡಿನ ವಿಷಯ ನೀವು ನನಗಿಂತ ಬಲ್ಲವರು. ಆದರೂ ರೇಣಿಯ ಐವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ: ಬರೆದಿಡಿ. ನಮ್ಮ ಅಡಿಕೆ ತೋಟದ ಮನೆಗಳಲ್ಲಿ, ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆದು ಪುಸ್ತಕದಲ್ಲಿ ಬರೆಯುವ ಒಳ್ಳೆಯ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಅದನ್ನು ಬಿಡಬೇಡಿ. ಅದರ ಪಕ್ಕದಲ್ಲೇ ಧರೆಯ ಮೇಲೆ ಹೊಸ ಬಿರುಕು ಕಂಡ ದಿನ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದ ದಿನ, ಮರ ಅಥವಾ ಕಂಬ ವಾಲಿದ ದಿನ ಬರೆಯಿರಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ನಿರ್ವಹಣಾ ಸಮಿತಿ, ಜೀವವೈವಿಧ್ಯ ದಾಖಲಾತಿ ಇರಬೇಕು. ಅನೇಕ ಕಡೆ ಅದು ಕಪಾಟಿನಲ್ಲಿ ಮಲಗಿದೆ. ಹೊರಗೆ ತೆಗೆಸಿ ಓದಿ. ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಕೂಗಾಡಿ ಹೊರಬರುವುದರ ಬದಲು ಲಿಖಿತ ಹೇಳಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹತ್ತು ರೂಪಾಯಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ಊರಿನ ರಸ್ತೆಗೆ ಗುಡ್ಡ ಕಡಿಯುವಾಗ ಇಳಿಜಾರಿನ ಕೋನ ಎಷ್ಟೆಂದು ನಿಗದಿಯಾಗಿದೆ, ನೀರು ಹೋಗಲು ಚರಂಡಿ ಎಲ್ಲಿದೆ ಎಂದು ಕೇಳಿದರೆ ಯಾರ ದೇಶಪ್ರೇಮಕ್ಕೂ ಧಕ್ಕೆಯಾಗದು.

ಇದೆಲ್ಲ ನಿಧಾನದ ಕೆಲಸ. ಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ. ಪಶ್ಚಿಮಘಟ್ಟದ ಸಂರಕ್ಷಣೆಯ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲವೆಂಬುದೂ ನಿಜ. ಮಾಧವ ಗಾಡ್ಗೀಳರ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಾಗಿನಿಂದ ಈ ಸಭೆಯಲ್ಲಿರುವವರೇ ಎರಡು ಪಾಲಾಗಿ ಜಗಳವಾಡಿದ್ದೀರಿ. ಜಗಳವಾಡಿ, ಬೇಡವೆನ್ನುವುದಿಲ್ಲ. ಆ ವರದಿ ಕೊನೆಯ ತೀರ್ಮಾನವನ್ನು ಗ್ರಾಮಸಭೆಗೆ ಬಿಟ್ಟಿತ್ತು ಎಂಬುದನ್ನು ಮಾತ್ರ ಓದಿ ತಿಳಿದುಕೊಂಡು ಜಗಳವಾಡಿ.

ನಾಳೆ ಬೆಳಗ್ಗೆ ಏಳು ಗಂಟೆಗೆ ಶಾಲೆಯ ಹಿಂದಿನ ಧರೆಯನ್ನು ನೋಡಲು ಹೋಗುವ ಕಾರ್ಯಕ್ರಮವಿದೆ. ಕಳೆದ ಮಳೆಗಾಲದಲ್ಲಿ ಅದರ ನೆತ್ತಿಯ ಮೇಲೆ ಬಿರುಕು ಕಂಡಿದೆಯೆಂದು ಮುಖ್ಯೋಪಾಧ್ಯಾಯರು ಹೇಳಿದರು. ಅಳತೆಯ ಟೇಪು, ನೋಟ್‌ಬುಕ್ಕು ತನ್ನಿ; ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ಗುರುತು ಮಾಡಬೇಕು. ಈ ಊರಿನ ಇಬ್ಬರು ಮಾಜಿ ಸೈನಿಕರು ಹಗ್ಗದೊಂದಿಗೆ ಬರಲು ಒಪ್ಪಿದ್ದಾರೆ. ಇಂಬಳದ ಕಾಟ ಹೆಚ್ಚಿದೆ, ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.